ನಿಕ್ಷೇಪವೋ ಋಣವೋ? – ಬ್ಯಾಂಕಿನ ಠೇವಣಿಯ ಸ್ವರೂಪವಿಮರ್ಶೆ

೧. ವಿಷಯಪ್ರಸ್ತಾವ

“ಬ್ಯಾಂಕಿನಲ್ಲಿ ಹಣ ಇಟ್ಟಿದ್ದೇನೆ” ಎಂಬುದು ಲೋಕವ್ಯವಹಾರದಲ್ಲಿ ರೂಢವಾದ ಮಾತು. ದೊಡ್ಡಬಳ್ಳಾಪುರದ ನೇಕಾರನೂ, ದೇವನಹಳ್ಳಿಯ ದ್ರಾಕ್ಷಿತೋಟದ ರೈತನೂ, ಹೊಸಕೋಟೆಯ ಪೇಟೆಯ ವರ್ತಕನೂ, ನೆಲಮಂಗಲದಲ್ಲಿ ವಿಶ್ರಾಂತಿವೇತನ ಪಡೆಯುವ ಉಪಾಧ್ಯಾಯನೂ ಈ ಒಂದೇ ಕ್ರಿಯಾಪದವನ್ನು ಪ್ರಯೋಗಿಸುತ್ತಾರೆ. “ಬ್ಯಾಂಕಿಗೆ ಸಾಲ ಕೊಟ್ಟಿದ್ದೇನೆ” ಎನ್ನುವವನು ಒಬ್ಬನೂ ಇಲ್ಲ. ನ್ಯಾಯದ ದೃಷ್ಟಿಯಿಂದ ವಿಚಾರಿಸಿದರಾದರೋ ಎರಡನೆಯ ಮಾತೇ ಮುಖ್ಯಾರ್ಥ. ಮೊದಲನೆಯದು ಕೇವಲ ಉಪಚಾರ.

ಈ ಉಪಚಾರವು ವ್ಯಾಕರಣದ ವಿಷಯ ಮಾತ್ರವಾಗಿದ್ದರೆ ಇದನ್ನು ವಿಮರ್ಶಿಸುವ ಅಗತ್ಯವಿರುತ್ತಿರಲಿಲ್ಲ. ಬ್ಯಾಂಕುಗಳು ತಮಗೆ ಬೇಕಾದ ಹಣವನ್ನು ಯಾರಿಂದ, ಯಾವ ಬೆಲೆಗೆ ಪಡೆಯುತ್ತವೆ? ರಿಸರ್ವ್ ಬ್ಯಾಂಕು ತನ್ನ ದರವನ್ನು ಏರಿಸಿ ಇಳಿಸಿದಾಗ ಅವು ಹೇಗೆ ನಡೆದುಕೊಳ್ಳುತ್ತವೆ? ಆ ಏರಿಳಿತದ ಭಾರವು ಯಾರ ಮೇಲೆ ಬೀಳುತ್ತದೆ? ಈ ಪ್ರಶ್ನೆಗಳಿಗೆಲ್ಲ ಆ ಒಂದು ಕ್ರಿಯಾಪದವೇ ತೆರೆಯಾಗಿ ನಿಂತಿರುವುದರಿಂದ ಅದನ್ನು ಸರಿಸಿ ನೋಡುವುದು ಆವಶ್ಯಕವಾಗಿದೆ.

ಪ್ರಕೃತ ವಿಷಯದಲ್ಲಿ ಎರಡು ಪೂರ್ವಪಕ್ಷಗಳು ಕಂಡುಬರುತ್ತವೆ. ಬ್ಯಾಂಕೆಂಬುದು ಒಂದು ಕೆರೆ. ಜನರ ಉಳಿತಾಯವು ಕಾಲುವೆಗಳಿಂದ ಅದಕ್ಕೆ ಹರಿದು ಬರುತ್ತದೆ, ತೂಬಿನಿಂದ ಸಾಲರೂಪವಾಗಿ ಹೊರಡುತ್ತದೆ, ಆ ತೂಬನ್ನು ಎತ್ತಿ ಇಳಿಸುವ ನೀರುಗಂಟಿಯೇ ರಿಸರ್ವ್ ಬ್ಯಾಂಕು – ಹೀಗೆಂಬುದು ಶಾಲೆಯ ಪಾಠಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಪ್ರಚುರವಾಗಿರುವ ಮೊದಲನೆಯ ಪಕ್ಷ. ಬಡ್ಡಿ, ಒತ್ತೆ, ಠೇವಣಿಗಳ ಧರ್ಮವೆಲ್ಲವೂ ಸ್ಮೃತಿಗಳಲ್ಲಿ ಆಗಲೇ ನಿರ್ಣಯವಾಗಿರುವುದರಿಂದ ಆಧುನಿಕರು ಹೊಸದಾಗಿ ಹೇಳತಕ್ಕದ್ದೇನೂ ಇಲ್ಲವೆಂಬುದು ಪ್ರಾಚೀನಾಭಿಮಾನಿಗಳ ಎರಡನೆಯ ಪಕ್ಷ. ಇವೆರಡೂ ಅಂಶತಃ ಸತ್ಯ, ಸಮಗ್ರವಾಗಿ ಅಸಾಧು ಎಂಬುದು ಮುಂದಿನ ವಿಚಾರದಿಂದ ವಿಶದವಾಗುವುದು.

೨. ಶಾಸ್ತ್ರದಲ್ಲಿ ನಿಕ್ಷೇಪಕ್ಕೂ ಋಣಕ್ಕೂ ಇರುವ ಭೇದ

ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು (ಕ್ರಿ. ಶ. ೧೦೭೬–೧೧೨೬) ಆಳುತ್ತಿದ್ದ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಕನ್ನಡ ನಾಡಿನಲ್ಲಿ ಹುಟ್ಟಿ ಭಾರತದ ಬಹುಭಾಗಕ್ಕೆ ಪ್ರಮಾಣವಾದ ಗ್ರಂಥವಿದು. ಅದರ ವ್ಯವಹಾರಾಧ್ಯಾಯದಲ್ಲಿ ಋಣಾದಾನಪ್ರಕರಣವೂ ಉಪನಿಧಿಪ್ರಕರಣವೂ ಬೇರೆ ಬೇರೆಯಾಗಿ ನಿರೂಪಿತವಾಗಿವೆ. ಈ ವಿಭಾಗವು ಬರಿಯ ಅನುಕೂಲಕ್ಕಾಗಿ ಮಾಡಿದ್ದಲ್ಲ, ವಸ್ತುಭೇದವನ್ನು ಅನುಸರಿಸಿದ್ದು.

ಪೆಟ್ಟಿಗೆಯಲ್ಲಿರಿಸಿ, ಮುದ್ರೆಯೊತ್ತಿ, ಒಳಗೇನಿದೆಯೆಂದು ಹೇಳದೆ ಇನ್ನೊಬ್ಬನ ಕೈಯಲ್ಲಿ ವಿಶ್ವಾಸದಿಂದಿಟ್ಟ ದ್ರವ್ಯವು ಉಪನಿಧಿ. ಎದುರಿನಲ್ಲಿ ಎಣಿಸಿ ಕೊಟ್ಟದ್ದು ನಿಕ್ಷೇಪ. ಎರಡರಲ್ಲಿಯೂ ಒಡೆತನವು ಇಟ್ಟವನದೇ. ಪಡೆದವನು ಅದನ್ನು ಇದ್ದಂತೆಯೇ ಹಿಂದಿರುಗಿಸಬೇಕು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ನಷ್ಟವಾದರೆ ಅವನು ಹೊಣೆಯಲ್ಲ. ಒಡೆಯನು ಕೇಳಿದಾಗ ಕೊಡದೆ ಅನಂತರ ನಷ್ಟವಾದರೆ ಮಾತ್ರ ಹೊಣೆ. ಇವೆಲ್ಲಕ್ಕಿಂತ ಮುಖ್ಯವಾದ ವಿಧಿ ಇನ್ನೊಂದುಂಟು. ಒಡೆಯನ ಅನುಮತಿಯಿಲ್ಲದೆ ತನ್ನಿಚ್ಛೆಯಿಂದ ಆ ದ್ರವ್ಯವನ್ನು ಉಪಯೋಗಿಸಿ ಬಾಳಿದವನು ದಂಡಾರ್ಹನು, ಮತ್ತು ಅದನ್ನು ವೃದ್ಧಿಸಹಿತವಾಗಿ ಹಿಂದಕ್ಕೆ ಕೊಡತಕ್ಕವನು. ಕೌಟಲ್ಯನೂ ಉಪನಿಧಿಯನ್ನು ಭೋಗಿಸಿದವನು ಭೋಗಕ್ಕೆ ತಕ್ಕ ಮೌಲ್ಯವನ್ನೂ ಹನ್ನೆರಡು ಪಣಗಳ ದಂಡವನ್ನೂ ತೆರಬೇಕೆಂದು ವಿಧಿಸಿದ್ದಾನೆ.

ಋಣದ ಧರ್ಮವು ಇದಕ್ಕೆ ವಿಪರೀತವಾದದ್ದು. ಅಲ್ಲಿ ದ್ರವ್ಯವು ಪಡೆದವನದಾಗುತ್ತದೆ. ಅವನು ಅದನ್ನು ಖರ್ಚುಮಾಡಬಹುದು, ವ್ಯಾಪಾರಕ್ಕೆ ಹಾಕಬಹುದು, ಮತ್ತೊಬ್ಬನಿಗೆ ಸಾಲ ಕೊಡಬಹುದು. ಅವನು ಹಿಂದಿರುಗಿಸಬೇಕಾದದ್ದು ಅದೇ ನಾಣ್ಯಗಳನ್ನಲ್ಲ, ಅಷ್ಟೇ ಮೌಲ್ಯವನ್ನು, ಜೊತೆಗೆ ವೃದ್ಧಿಯನ್ನು. ಕೊಟ್ಟವನು ಉತ್ತಮರ್ಣ, ಪಡೆದವನು ಅಧಮರ್ಣ.

ಈ ಲಕ್ಷಣಗಳನ್ನು ಬ್ಯಾಂಕಿನ ಠೇವಣಿಗೆ ಅನ್ವಯಿಸಿ ನೋಡತಕ್ಕದ್ದು. ಖಾತೆಗೆ ಕಟ್ಟಿದ ಹಣವನ್ನು ಬ್ಯಾಂಕು ಉಪಯೋಗಿಸಿಕೊಳ್ಳುತ್ತದೆ. ಉಪಯೋಗಿಸುವುದೇ ಅದರ ಕಸಬು. ನಿಕ್ಷೇಪದಲ್ಲಿ ಯಾವುದು ದಂಡಾರ್ಹವಾದ ಅಪರಾಧವೋ ಅದು ಇಲ್ಲಿ ನಿತ್ಯಕರ್ಮ. ಆದ್ದರಿಂದ ಠೇವಣಿಯು ನಿಕ್ಷೇಪವಲ್ಲ, ಋಣವೇ ಹೌದು. ಬ್ಯಾಂಕು ಅಧಮರ್ಣ, ಖಾತೆದಾರನು ಉತ್ತಮರ್ಣ. ಇಂಗ್ಲೆಂಡಿನ ಲಾರ್ಡುಗಳ ಸಭೆಯು ೧೮೪೮ರಲ್ಲಿ ಫೋಲಿ ಮತ್ತು ಹಿಲ್ ಎಂಬವರ ವ್ಯಾಜ್ಯದಲ್ಲಿ ಇದೇ ನಿರ್ಣಯವನ್ನು ಕೊಟ್ಟಿತು: ಬ್ಯಾಂಕಿಗೆ ಕಟ್ಟಿದ ಹಣವು ಬ್ಯಾಂಕಿನದೇ ಆಗುತ್ತದೆ, ಕೇಳಿದಾಗ ಅಷ್ಟು ಮೊತ್ತವನ್ನು ಕೊಡಬೇಕಾದ ಸಾಲಗಾರನಾಗಿ ಮಾತ್ರ ಅದು ಇರುತ್ತದೆ. ಇಂದಿಗೂ ನ್ಯಾಯಾಲಯಗಳು ಅನುಸರಿಸುವ ತತ್ತ್ವವಿದು.

ಸ್ವಾರಸ್ಯವಾದ ವಿಷಯವೇನೆಂದರೆ, ನಿಜವಾದ ಉಪನಿಧಿಯೂ ಅದೇ ಕಟ್ಟಡದಲ್ಲಿಯೇ ಇದೆ. ಅದು ಬ್ಯಾಂಕಿನ ಲಾಕರು. ಒಳಗೇನಿದೆಯೆಂದು ಬ್ಯಾಂಕಿಗೆ ತಿಳಿಯದು; ಅದನ್ನು ಮುಟ್ಟುವ ಹಕ್ಕೂ ಅದಕ್ಕಿಲ್ಲ. ರಿಸರ್ವ್ ಬ್ಯಾಂಕು ೨೦೨೧ರ ಆಗಸ್ಟಿನಲ್ಲಿ ಪ್ರಕಟಿಸಿ ೨೦೨೨ರ ಜನವರಿ ೧ರಿಂದ ಜಾರಿಗೆ ತಂದ ನಿಯಮಗಳಂತೆ, ಬ್ಯಾಂಕಿನ ಉಪೇಕ್ಷೆಯಿಂದಲೋ ಕಳವಿನಿಂದಲೋ ನೌಕರರ ಮೋಸದಿಂದಲೋ ನಷ್ಟವುಂಟಾದರೆ ವರ್ಷದ ಬಾಡಿಗೆಯ ನೂರರಷ್ಟರವರೆಗೆ ಬ್ಯಾಂಕು ಹೊಣೆ; ಭೂಕಂಪ, ಪ್ರವಾಹ ಮೊದಲಾದ ದೈವಿಕಗಳಿಂದಾದರೆ, ಬ್ಯಾಂಕಿನ ತಪ್ಪಿಲ್ಲದಿದ್ದಲ್ಲಿ, ಹೊಣೆಯಲ್ಲ. ಯಾಜ್ಞವಲ್ಕ್ಯನು ದೈವದ ವಿಷಯದಲ್ಲಿ ಕೊಟ್ಟ ವಿನಾಯಿತಿಯು ಇಲ್ಲಿ ಹಾಗೆಯೇ ಉಳಿದಿದೆ. ಕಳ್ಳರ ವಿಷಯದಲ್ಲಿ ಕೊಟ್ಟದ್ದು ಮಾತ್ರ ತೆಗೆದುಹಾಕಲ್ಪಟ್ಟಿದೆ. ಹೀಗೆ ಒಂದೇ ಮಾಡಿನ ಕೆಳಗೆ ಲಾಕರಿಗೆ ಉಪನಿಧಿಧರ್ಮವೂ ಖಾತೆಗೆ ಋಣಧರ್ಮವೂ ನಡೆಯುತ್ತಿವೆ. ಜನರು ಎರಡಕ್ಕೂ “ಇಡುವುದು” ಎಂಬ ಒಂದೇ ಮಾತನ್ನು ಹೇಳುತ್ತಾರೆ.

೩. ಶಬ್ದವಿಚಾರ

ಈ ಗೊಂದಲಕ್ಕೆ ಶಬ್ದಗಳೂ ಸಹಕಾರಿಗಳಾಗಿವೆ. ಠೇವಣಿ ಎಂಬುದು ಮರಾಠಿಯಿಂದ ಬಂದ ಮಾತು. ಅದರ ಧಾತುವಿಗೆ ಇಡುವುದೆಂದೇ ಅರ್ಥ. ಅಚ್ಚಗನ್ನಡದ ಇಡುಗಂಟು ಎಂಬ ಸಮಾಸದಲ್ಲಿಯೂ ಇಡು ಎಂಬ ಧಾತುವೇ ಇದೆ. ಕೊಡುವುದನ್ನು ಸೂಚಿಸುವ ಕಡ, ಸಾಲ ಎಂಬ ಶಬ್ದಗಳು ಬ್ಯಾಂಕಿನಿಂದ ಜನರು ಪಡೆಯುವ ಹಣಕ್ಕೆ ಮಾತ್ರ ಮೀಸಲಾಗಿವೆ. ಬ್ಯಾಂಕು ಕೊಟ್ಟರೆ ಸಾಲ, ಬ್ಯಾಂಕಿಗೆ ಕೊಟ್ಟರೆ ಠೇವಣಿ! ಒಂದೇ ಸ್ವರೂಪದ ಎರಡು ವ್ಯವಹಾರಗಳಿಗೆ ಎರಡು ಹೆಸರುಗಳಾದುದರಿಂದ, ಸಾಲಗಾರನೆಂಬ ಹೆಸರಿಗೆ ಅಂಟಿರುವ ಸಂಕೋಚವೆಲ್ಲವೂ ನೇಕಾರನ ಪಾಲಿಗೆ ಬಂದಿದೆ. ಬ್ಯಾಂಕು ತಾನೂ ಸಾಲಗಾರನೆಂಬುದು ಮರೆತುಹೋಗಿದೆ.

ಬಡ್ಡಿ ಎಂಬ ಮಾತಿನ ಚರಿತ್ರೆಯಾದರೂ ಇದಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳುತ್ತದೆ. ಅದು ವೃದ್ಧಿ ಎಂಬುದರ ತದ್ಭವ. ನಿಕ್ಷೇಪಕ್ಕೆ ಸ್ವಭಾವತಃ ವೃದ್ಧಿಯಿಲ್ಲ. ಮುದ್ರೆಯೊತ್ತಿದ ಪೆಟ್ಟಿಗೆಯೊಳಗಿನ ಹೊನ್ನು ಬೆಳೆಯುವುದಿಲ್ಲ. ಪಾಸುಬುಕ್ಕಿನಲ್ಲಿ ಬಡ್ಡಿಯ ಸಾಲು ಮುದ್ರಿತವಾಗಿದೆಯೆಂಬುದೇ ಅದು ಋಣಪತ್ರವೆಂಬುದಕ್ಕೆ ಸಾಕಾದ ಲಿಂಗ.

ಈ ಭೇದವು ವಿಪತ್ಕಾಲದಲ್ಲಿ ಸ್ಫುಟವಾಗುತ್ತದೆ. ನಿಕ್ಷೇಪವನ್ನಿಟ್ಟುಕೊಂಡವನು ದಿವಾಳಿಯಾದರೆ ಇಟ್ಟವನು ತನ್ನ ವಸ್ತುವನ್ನು ಹಾಗೆಯೇ ಎತ್ತಿಕೊಂಡು ಹೋಗಬಹುದು. ಬ್ಯಾಂಕು ಬಿದ್ದರೆ ಖಾತೆದಾರನು ಇತರ ಸಾಲಿಗರೊಡನೆ ಸಾಲಿನಲ್ಲಿ ನಿಲ್ಲಬೇಕು. ೧೯೩೮ರಲ್ಲಿ ತಿರುವಾಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಮುರಿದುಬಿದ್ದಾಗಲೂ, ೧೯೬೦ರಲ್ಲಿ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಚ್ಚಲ್ಪಟ್ಟಾಗಲೂ ದಕ್ಷಿಣ ದೇಶದ ಜನರು ಈ ಪಾಠವನ್ನು ಕಷ್ಟಪಟ್ಟು ಕಲಿತರು. ಠೇವಣಿಗೆ ವಿಮೆ ಮಾಡಿಸುವ ಸಂಸ್ಥೆಯು ೧೯೬೨ರಲ್ಲಿ ಹುಟ್ಟಿದ್ದು ಆ ಪಾಠದ ಫಲ. ಈ ವಿಮೆಯ ಮಿತಿಯನ್ನು ೨೦೨೦ರ ಫೆಬ್ರವರಿಯಲ್ಲಿ ಒಂದು ಲಕ್ಷದಿಂದ ಐದು ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಋಣಕ್ಕಲ್ಲದೆ ಇಂಥ ವಿಮೆಗೆ ಪ್ರಸಕ್ತಿಯೇ ಇಲ್ಲ.

೪. ಬ್ಯಾಂಕು ಯಾರಿಗೆ ಸಾಲಗಾರನಾಗಬಯಸುತ್ತದೆ?

ಠೇವಣಿಯು ಋಣವೆಂದು ಸಿದ್ಧವಾದ ಮೇಲೆ, ಬ್ಯಾಂಕು ಹಣ ಸಂಗ್ರಹಿಸುವ ರೀತಿಯ ಪ್ರಶ್ನೆಯು ಹೀಗೆ ಮಾರ್ಪಡುತ್ತದೆ: ಬ್ಯಾಂಕು ಯಾರ ಸಾಲಗಾರನಾಗಲು ಇಷ್ಟಪಡುತ್ತದೆ?

ಸ್ವಂತ ಬಂಡವಾಳವನ್ನು ಬಿಟ್ಟರೆ ಅದಕ್ಕೆ ಸಾಲ ಕೊಡತಕ್ಕವರು ಮುಖ್ಯವಾಗಿ ನಾಲ್ಕು ಬಗೆ. ಚಾಲ್ತಿ ಖಾತೆಯ ವರ್ತಕರು ಮೊದಲನೆಯವರು. ಇವರಿಗೆ ಬಡ್ಡಿಯಿಲ್ಲ, ಆದರೆ ಹಣವು ಬೆಳಿಗ್ಗೆ ಬಂದು ಸಂಜೆಗೆ ಹೊರಡುವುದು. ಉಳಿತಾಯ ಖಾತೆಯವರು ಎರಡನೆಯವರು. ಇವರಿಗೆ ಅಲ್ಪವಾದ ಬಡ್ಡಿ. ಅವಧಿಯನ್ನು ಗೊತ್ತುಮಾಡಿ ಠೇವಣಿ ಕಟ್ಟುವವರು ಮೂರನೆಯವರು. ಇವರಿಗೆ ಹೆಚ್ಚಿನ ಬಡ್ಡಿ. ದೊಡ್ಡ ಮೊತ್ತದ ಸಾಲಿಗರು ನಾಲ್ಕನೆಯವರು: ಇತರ ಬ್ಯಾಂಕುಗಳು, ಕಂಪೆನಿಗಳು, ಗ್ರಾಮಾಂತರದ ಬ್ಯಾಂಕುಗಳಿಗೆ ೧೯೮೨ರಲ್ಲಿ ಸ್ಥಾಪಿತವಾದ ನಬಾರ್ಡು, ಕಡೆಯದಾಗಿ ರಿಸರ್ವ್ ಬ್ಯಾಂಕು. ಈ ನಾಲ್ಕನೆಯವರು ಬಡ್ಡಿಯ ಮಾರುಕಟ್ಟೆಯನ್ನು ದಿನವೂ ಬಲ್ಲವರು.

ಇವರಲ್ಲಿ ಆಯ್ಕೆಯ ಸೂತ್ರವು ಸುಲಭ, ಅನುಷ್ಠಾನವು ಕಷ್ಟ. ಯಾವ ಹಣವು ಕರಾರಿನಂತೆ ಯಾವಾಗ ಬೇಕಾದರೂ ಹೊರಟುಹೋಗಬಹುದೋ ಅದು ಅಗ್ಗ. ಯಾವುದು ಗೊತ್ತಾದ ಕಾಲದವರೆಗೆ ನಿಲ್ಲುವುದೋ ಅದು ತುಟ್ಟಿ. ಬ್ಯಾಂಕು ಹುಡುಕುವುದಾದರೋ ಈ ಎರಡರ ನಡುವಣ ಅಪೂರ್ವ ವಸ್ತುವನ್ನು: ಕರಾರಿನಂತೆ ಹೊರಡಬಹುದಾದರೂ ವಸ್ತುತಃ ಹೊರಡದೆ ಇರುವ ಹಣವನ್ನು. ಸಣ್ಣ ಮನುಷ್ಯನ ಉಳಿತಾಯವೇ ಅಂಥದು. ಮಗಳ ಮದುವೆಗೆಂದೋ, ಮಗ್ಗದ ದುರಸ್ತಿಗೆಂದೋ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಜೋಡೆತ್ತು ಕೊಳ್ಳುವುದಕ್ಕೆಂದೋ ಕೂಡಿಟ್ಟ ಇಪ್ಪತ್ತು ಸಾವಿರ ರೂಪಾಯಿಯನ್ನು ಅರ್ಧ ಅಂಶದ ಬಡ್ಡಿಗಾಗಿ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೊತ್ತು ತಿರುಗುವವರು ವಿರಳ.

ಈ ತತ್ತ್ವವನ್ನು ಕರ್ಣಾಟಕದವರು ಬಹುಕಾಲದ ಹಿಂದೆಯೇ ಕಂಡುಕೊಂಡಿದ್ದರು. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು, ಅದರ ಸ್ಥಾಪಕರಲ್ಲೊಬ್ಬರಾದ ಟಿ. ಎಂ. ಎ. ಪೈಗಳ ಪ್ರೇರಣೆಯಿಂದ, ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ಮನೆಯ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಂತೆ ಹಣ ಎತ್ತುತ್ತಿದ್ದನು. ಅವನ ಕಮಿಷನ್ನನ್ನು ಲೆಕ್ಕ ಹಾಕಿದರೆ ಆ ಹಣವು ಅಗ್ಗವಾದದ್ದಲ್ಲ. ಆದರೆ ಅದು ಓಡಿಹೋಗುವಂಥದೂ ಅಲ್ಲ. ಗಾಳಿ ಬೀಸಿದ ಕಡೆಗೆ ಹಾರುವ ದೊಡ್ಡ ಹಣಕ್ಕಿಂತ ಬೇರುಬಿಟ್ಟ ಸಣ್ಣ ಹಣವು ಮೇಲೆಂಬುದು ಅದರ ಮರ್ಮ. ಆ ಬ್ಯಾಂಕು ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿ ಎಂಬ ಹೆಸರು ಕನ್ನಡದ ಪೇಟೆಬೀದಿಗಳಲ್ಲಿ ಉಳಿದಿದೆ.

ಇದಕ್ಕೆ ಪ್ರತಿಯಾದ ಉದಾಹರಣೆಯು ದೇವನಹಳ್ಳಿಯ ಕಡೆ ದೊರೆಯುತ್ತದೆ. ೨೦೦೮ರ ಮೇ ತಿಂಗಳಿನಲ್ಲಿ ವಿಮಾನನಿಲ್ದಾಣವು ಆರಂಭವಾಯಿತು. ಅದರ ಹಿಂದುಮುಂದಿನ ವರ್ಷಗಳಲ್ಲಿ ಭೂಸ್ವಾಧೀನವೂ ಜಮೀನಿನ ಮಾರಾಟವೂ ನಡೆದು, ತಲೆಮಾರುಗಳಿಂದ ಹೊಲವಾಗಿದ್ದದ್ದು ಬ್ಯಾಂಕಿನ ಖಾತೆಯಲ್ಲಿ ಅಂಕಿಯಾಯಿತು. ಹೀಗೆ ಒಮ್ಮೆಗೇ ಬಂದ ದೊಡ್ಡ ಮೊತ್ತದ ಒಡೆಯನು ಎರಡು ಮೂರು ಬ್ಯಾಂಕುಗಳಲ್ಲಿ ದರ ಕೇಳಬಲ್ಲನು. ಸಣ್ಣ ಖಾತೆಯವನಿಗೆ ಕೇಳುವ ಸ್ಥಾನವೇ ಇಲ್ಲ. ಒಂದೇ ಬ್ಯಾಂಕಿಗೆ ಇಬ್ಬರೂ ಉತ್ತಮರ್ಣರು. ಒಬ್ಬನ ಧ್ವನಿಗೆ ಬೆಲೆಯುಂಟು, ಇನ್ನೊಬ್ಬನ ಮೌನಕ್ಕೆ ಬೆಲೆಯುಂಟು. ಆ ಮೌನದ ಬೆಲೆಯನ್ನು ಪಡೆಯುವವನು ಮಾತ್ರ ಬ್ಯಾಂಕಿನವನು.

ಕೆರೆಯ ದೃಷ್ಟಾಂತದ ದೋಷವು ಇಲ್ಲಿಯೇ ಕಂಡುಬರುತ್ತದೆ. ಕೆರೆಯು ನೀರಿಗೆ ಋಣಿಯಲ್ಲ. ಯಾವ ಹಳ್ಳದಿಂದ ಎಷ್ಟು ಬಂತೆಂದು ಅದು ಲೆಕ್ಕವಿಡುವುದೂ ಇಲ್ಲ, ಬಂದ ನೀರಿಗೆ ಬೇರೆ ಬೇರೆ ಬೆಲೆ ತೆರುವುದೂ ಇಲ್ಲ. ಮೇಲಾಗಿ ಬ್ಯಾಂಕು ಸಾಲ ಕೊಡುವಾಗ ಸಾಮಾನ್ಯವಾಗಿ ಸಾಲಗಾರನ ಖಾತೆಗೆ ಮೊತ್ತವನ್ನು ಬರೆಯುತ್ತದೆ. ಆ ಬರೆವಣಿಗೆಯಿಂದಲೇ ಹೊಸ ಠೇವಣಿಯೊಂದು ಹುಟ್ಟುತ್ತದೆ. ಇಂಗ್ಲೆಂಡಿನ ಕೇಂದ್ರ ಬ್ಯಾಂಕು ೨೦೧೪ರ ತನ್ನ ತ್ರೈಮಾಸಿಕದಲ್ಲಿ ಈ ಸಂಗತಿಯನ್ನು ವಿಶದವಾಗಿ ಪ್ರತಿಪಾದಿಸಿತು. ತನ್ನ ನೀರನ್ನು ತಾನೇ ಹುಟ್ಟಿಸುವ ಕೆರೆಯು ಲೋಕದಲ್ಲಿಲ್ಲ. ಹಾಗೆ ಹುಟ್ಟಿದ ಹಣವನ್ನು ಸಾಲಗಾರನು ಬೇರೆ ಬ್ಯಾಂಕಿನ ಗಿರಾಕಿಗೆ ಪಾವತಿಮಾಡಿದಾಗ ಮಾತ್ರ ಮೊದಲ ಬ್ಯಾಂಕು ಆ ಮೊತ್ತವನ್ನು ಎಲ್ಲಿಂದಾದರೂ ತರಬೇಕಾಗುತ್ತದೆ. ಆಗ ಅದಕ್ಕೆ ಸ್ಥಿರವಾದ ಸಾಲಿಗರು ಬೇಕಾಗುತ್ತಾರೆ.

೫. ರಿಸರ್ವ್ ಬ್ಯಾಂಕಿನ ದರವು ಪೇಟೆಗೆ ಬರುವ ದಾರಿ

ರಿಸರ್ವ್ ಬ್ಯಾಂಕು ೧೯೩೫ರ ಏಪ್ರಿಲ್ ೧ರಂದು ಕೆಲಸವನ್ನಾರಂಭಿಸಿತು. ಅದೇ ವರ್ಷದ ನವೆಂಬರಿನಲ್ಲಿ ನೂರಕ್ಕೆ ೩ಕ್ಕೆ ಇಳಿದ ಬ್ಯಾಂಕ್ ದರವು ೧೯೫೧ರ ನವೆಂಬರಿನವರೆಗೆ ಅಲ್ಲಿಯೇ ನಿಂತಿದ್ದುದರಿಂದ, ಆಗ ಈ ಪ್ರಶ್ನೆಯು ತೀವ್ರವಾಗಿರಲಿಲ್ಲ. ಇಂದು ಹಣಕಾಸು ನೀತಿಯ ಮುಖ್ಯ ಆಯುಧವು ರೆಪೋ ದರ. ಸರಕಾರದ ಪತ್ರಗಳನ್ನು ಆಧಾರವಾಗಿ ಪಡೆದು ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಅಲ್ಪಕಾಲಕ್ಕೆ ಕೊಡುವ ಸಾಲದ ಬಡ್ಡಿಯಿದು. ಎಂದರೆ, ರಿಸರ್ವ್ ಬ್ಯಾಂಕು ಬದಲಾಯಿಸುವುದು ಬ್ಯಾಂಕೆಂಬ ಅಧಮರ್ಣನ ಒಂದು ಬಗೆಯ ಸಾಲದ ಬೆಲೆಯನ್ನು. ಉಳಿದ ಸಾಲಿಗರಿಗೆ ಅದು ಕೊಡುವ ಬೆಲೆಯು ಅದನ್ನು ಎಷ್ಟು ಅನುಸರಿಸುವುದೆಂಬುದು ಆಯಾ ಸಾಲಿಗನ ಬಲಕ್ಕೆ ಅಧೀನ. ಇದಕ್ಕೆ ಮೂರು ಪ್ರಮಾಣಗಳನ್ನು ಉದಾಹರಿಸಬಹುದು.

ಒಂದನೆಯದು. ಉಳಿತಾಯ ಖಾತೆಯ ಬಡ್ಡಿಯನ್ನು ಆಯಾ ಬ್ಯಾಂಕೇ ನಿರ್ಣಯಿಸಬಹುದೆಂದು ೨೦೧೧ರ ಅಕ್ಟೋಬರ್ ೨೫ರಂದು ರಿಸರ್ವ್ ಬ್ಯಾಂಕು ಸ್ವಾತಂತ್ರ್ಯ ಕೊಟ್ಟಿತು. ಅಂದು ರೆಪೋ ದರವು ೮.೫. ಕೆಲವು ಖಾಸಗಿ ಬ್ಯಾಂಕುಗಳು ದರವನ್ನೇರಿಸಿದವು. ಸ್ಟೇಟ್ ಬ್ಯಾಂಕು ಮಾತ್ರ ಹಿಂದಿನ ನೂರಕ್ಕೆ ೪ನ್ನೇ ೨೦೧೭ರ ಜುಲೈ ೩೧ರವರೆಗೆ ಉಳಿಸಿಕೊಂಡು, ಅಂದು ಒಂದು ಕೋಟಿಯವರೆಗಿನ ಖಾತೆಗಳಿಗೆ ೩.೫ಕ್ಕೆ ಇಳಿಸಿತು. ನಡುವೆ ರೆಪೋ ದರವು ಇಳಿದು, ಏರಿ, ಮತ್ತೆ ಇಳಿದು ೬.೨೫ಕ್ಕೆ ಬಂದಿತ್ತು. ಸುಮಾರು ಆರು ವರ್ಷಗಳ ನೀತಿಯ ಅಲೆಗಳೊಂದೂ ಆ ಖಾತೆಯನ್ನು ಮುಟ್ಟಲಿಲ್ಲ.

ಎರಡನೆಯದು. ೨೦೧೬ರ ನವೆಂಬರ್ ೮ರ ನೋಟುರದ್ದತಿಯ ಅನಂತರ ಜನರ ಕೈಯಲ್ಲಿದ್ದ ನಗದಿನ ಬಹುಭಾಗವು ಅಗ್ಗದ ಠೇವಣಿಯಾಗಿ ಬ್ಯಾಂಕುಗಳಿಗೆ ಬಂದು ಬಿದ್ದಿತು. ೨೦೧೭ರ ಜನವರಿ ೧ರಂದು ಸ್ಟೇಟ್ ಬ್ಯಾಂಕು ತನ್ನ ಸಾಲಗಳ ಆಧಾರದರವನ್ನು, ಎಂಸಿಎಲ್‌ಆರ್ ಎಂಬುದನ್ನು, ೦.೯ ಅಂಶದಷ್ಟು ಇಳಿಸಿತು. ರೆಪೋ ದರವು ಹಿಂದಿನ ಅಕ್ಟೋಬರಿನಿಂದ ಕದಲಿರಲಿಲ್ಲ. ನೀತಿಯ ದರವು ಬದಲಾಗದೆ ಇದ್ದಾಗಲೂ ಸಾಲದ ದರವು ಬದಲಾಯಿತಲ್ಲವೆ? ಬ್ಯಾಂಕು ನೋಡುವುದು ರಿಸರ್ವ್ ಬ್ಯಾಂಕಿನ ಮುಖವನ್ನಲ್ಲ, ತನ್ನ ಸಾಲಿಗರ ಮುಖವನ್ನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಿಲ್ಲ.

ಮೂರನೆಯದು. ಬ್ಯಾಂಕುಗಳು ದರದ ಇಳಿಕೆಯನ್ನು ಸಾಲಗಾರರಿಗೆ ಬೇಗನೆ ದಾಟಿಸುತ್ತಿಲ್ಲವೆಂಬ ಆಕ್ಷೇಪವು ಬಲವಾಗಿ, ೨೦೧೦ರ ಜುಲೈಯ ಮೂಲದರ, ೨೦೧೬ರ ಏಪ್ರಿಲ್‌ನ ಎಂಸಿಎಲ್‌ಆರ್ ಎಂಬ ಎರಡು ಕ್ರಮಗಳ ಅನಂತರ, ೨೦೧೯ರ ಅಕ್ಟೋಬರ್ ೧ರಿಂದ ಮೂರನೆಯ ಕ್ರಮವು ಬಂದಿತು. ಮನೆಯ ಸಾಲ, ವೈಯಕ್ತಿಕ ಸಾಲ, ಸಣ್ಣ ಉದ್ಯಮಗಳ ಸಾಲ ಇವುಗಳಲ್ಲಿ ಬದಲಾಗುವ ಬಡ್ಡಿಯುಳ್ಳ ಹೊಸ ಸಾಲಗಳನ್ನು ರೆಪೋ ದರದಂಥ ಹೊರಗಿನ ಮಾನದಂಡಕ್ಕೆ ಕಟ್ಟಬೇಕೆಂದು ವಿಧಿಯಾಯಿತು. ಠೇವಣಿಯ ಕಡೆಗೆ ಇಂಥ ವಿಧಿ ಬರಲಿಲ್ಲ. ಸ್ಟೇಟ್ ಬ್ಯಾಂಕು ತಾನಾಗಿ ೨೦೧೯ರ ಮೇ ೧ರಿಂದ ಒಂದು ಲಕ್ಷಕ್ಕೆ ಮೇಲ್ಪಟ್ಟ ಉಳಿತಾಯದ ಬಡ್ಡಿಯನ್ನು ರೆಪೋ ದರಕ್ಕೆ ಕಟ್ಟಿತ್ತು. ಒಂದು ವರ್ಷ ತುಂಬುವುದರೊಳಗೆ ಆ ಕ್ರಮವನ್ನು ಬಿಟ್ಟುಕೊಟ್ಟಿತು.

ಫಲವೇನಾಯಿತು? ೨೦೨೨ರ ಮೇ ತಿಂಗಳಿಂದ ೨೦೨೩ರ ಫೆಬ್ರವರಿಯವರೆಗೆ ರೆಪೋ ದರವು ೪ರಿಂದ ೬.೫ಕ್ಕೆ ಏರಿತು. ಅದಕ್ಕೆ ಕಟ್ಟಿದ ಸಾಲಗಳ ಬಡ್ಡಿಯೂ ಏರಿತು. ಅವಧಿ ಠೇವಣಿಯ ಬಡ್ಡಿಯೂ ಕ್ರಮೇಣ ಏರಿತು. ಸ್ಟೇಟ್ ಬ್ಯಾಂಕಿನಲ್ಲಿ ಸಾಮಾನ್ಯರ ಉಳಿತಾಯದ ಬಡ್ಡಿಯು ೨.೭ರಲ್ಲಿಯೇ ನಿಂತಿತು. ೨೦೨೫ರ ಫೆಬ್ರವರಿಯಿಂದ ಜೂನ್‌ವರೆಗೆ ರೆಪೋ ದರವು ೬.೫ರಿಂದ ೫.೫ಕ್ಕೆ ಇಳಿಯಿತು, ಆ ಜೂನ್ ತಿಂಗಳಿನಲ್ಲಿಯೇ ಉಳಿತಾಯದ ಬಡ್ಡಿಯು ೨.೫ಕ್ಕೆ ಇಳಿಯಿತು. ಏರುವಾಗ ಜೊತೆಯಲ್ಲಿ ಏರದ ದರವು ಇಳಿಯುವಾಗ ಮಾತ್ರ ಜೊತೆಗೂಡಿತು.

ಇದನ್ನು ಮಗ್ಗದ ಮನೆಯ ಲೆಕ್ಕಕ್ಕೆ ಇಳಿಸಿ ನೋಡಬಹುದು. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಒಡೆಯನೊಬ್ಬನಿಗೆ, ಸರಕ���ರದ ಬಡ್ಡಿರಿಯಾಯಿತಿಯಿಲ್ಲದೆ, ರೆಪೋ ದರಕ್ಕೆ ಕಟ್ಟಿದ ಎರಡು ಲಕ್ಷ ರೂಪಾಯಿಗಳ ಸಾಲವಿದ್ದು, ಅದೇ ಶಾಖೆಯ ಉಳಿತಾಯ ಖಾತೆಯಲ್ಲಿ ಇಪ್ಪತ್ತು ಸಾವಿರ ಇದೆಯೆಂದು ಊಹಿಸತಕ್ಕದ್ದು. ದರವು ೨.೫ ಅಂಶ ಏರಿದರೆ ಅವನು ವರ್ಷಕ್ಕೆ ೫,೦೦೦ ರೂಪಾಯಿ ಹೆಚ್ಚು ಬಡ್ಡಿ ತೆರುವನು. ಅವನ ಉಳಿತಾಯವೂ ಅದೇ ದರವನ್ನು ಅನುಸರಿಸಿದ್ದರೆ ೫೦೦ ರೂಪಾಯಿ ಹೆಚ್ಚು ಬರಬೇಕಾಗಿತ್ತು. ಬರುವುದು ಹಿಂದಿನ ೫೪೦ ರೂಪಾಯಿ ಮಾತ್ರ. ಅಧಮರ್ಣನಾಗಿ ಅವನು ನೀತಿಯ ಪೂರ್ಣಭಾರವನ್ನು ಹೊರುತ್ತಾನೆ. ಉತ್ತಮರ್ಣನಾಗಿ ಅದರ ಲಾಭದಲ್ಲಿ ಲೇಶವನ್ನೂ ಪಡೆಯುವುದಿಲ್ಲ. ೨೦೦೦–೦೧ರಿಂದ ನಡೆದುಬಂದಿರುವ ಸ್ತ್ರೀಶಕ್ತಿ ಗುಂಪುಗಳ ಸ್ಥಿತಿಯೂ ಇಂಥದೇ. ವಾರವಾರದ ಉಳಿತಾಯವನ್ನು ಬ್ಯಾಂಕಿಗೆ ಕಟ್ಟಿ, ಅಲ್ಲಿಂದಲೇ ಸಾಲವನ್ನೂ ಪಡೆಯುವ ಆ ಗುಂಪುಗಳು ಒಂದೇ ಗವಾಕ್ಷಿಯ ಎದುರಿನಲ್ಲಿ ಎರಡು ವೇಷಗಳಲ್ಲಿ ನಿಲ್ಲುತ್ತವೆ.

ನೀತಿಯು ಮುಟ್ಟದ ಸಾಲಗಳೂ ಉಂಟು. ಕರ್ಣಾಟಕದಲ್ಲಿ ಸಹಕಾರ ಸಂಘಗಳ ಮೂಲಕ ದೊರೆಯುವ ಶೂನ್ಯಬಡ್ಡಿಯ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು ೨೦೨೩ರ ಜುಲೈ ತಿಂಗಳ ಆಯವ್ಯಯದಲ್ಲಿ ಮೂರರಿಂದ ಐದು ಲಕ್ಷಕ್ಕೆ ಏರಿಸಲಾಯಿತು. ಅಂಥ ಸಾಲ ಪಡೆದ ಹೊಸಕೋಟೆಯ ರೈತನಿಗೆ ರೆಪೋ ದರದ ಏರಿಳಿತವು ಸಾಲಗಾರನಾಗಿ ತಿಳಿಯುವುದೇ ಇಲ್ಲ. ಹೀಗೆ ಒಂದೇ ಜಿಲ್ಲೆಯಲ್ಲಿ ಒಂದೇ ನೀತಿಯು ಕೆಲವರನ್ನು ಒಡನೆಯೇ ಮುಟ್ಟುತ್ತದೆ, ಕೆಲವರನ್ನು ತಡವಾಗಿ ಮುಟ್ಟುತ್ತದೆ, ಕೆಲವರನ್ನು ಮುಟ್ಟುವುದೇ ಇಲ್ಲ. ಒಂದೇ ತೂಬಿನಿಂದ ಎಲ್ಲ ಗದ್ದೆಗಳಿಗೂ ನೀರು ಹರಿಯುವುದೆಂಬ ದೃಷ್ಟಾಂತವು ಇಲ್ಲಿ ಪೂರ್ಣವಾಗಿ ಮುರಿದುಬೀಳುತ್ತದೆ.

ಅಮೆರಿಕದ ವಿಷಯದಲ್ಲಿ ಡ್ರೆಕ್ಸ್ಲರ್, ಸವೋವ್, ಶ್ನಾಬ್ಲ್ ಎಂಬ ಮೂವರು ವಿದ್ವಾಂಸರು ೨೦೧೭ರಲ್ಲಿ ಪ್ರಕಟಿಸಿದ ಸಿದ್ಧಾಂತವು ಇದಕ್ಕೆ ಪೋಷಕವಾಗಿದೆ. ನೀತಿಯ ದರವು ಏರಿದಾಗ ಬ್ಯಾಂಕುಗಳು ಠೇವಣಿಯ ದರವನ್ನು ಅಷ್ಟೇ ಏರಿಸದೆ ನಡುವಣ ಅಂತರವನ್ನು ಹೆಚ್ಚಿಸಿಕೊಳ್ಳುತ್ತವೆ; ಎಚ್ಚರವುಳ್ಳ ಠೇವಣಿದಾರರು ಹಣವನ್ನು ಬೇರೆಡೆಗೆ ಒಯ್ಯುತ್ತಾರೆ; ಅಗ್ಗದ ಹಣವು ಕಡಮೆಯಾದ ಬ್ಯಾಂಕುಗಳು ಸಾಲವನ್ನೂ ಕಡಮೆಮಾಡುತ್ತವೆ. ಸ್ಪರ್ಧೆಯು ಕಡಮೆಯಿರುವ ಊರುಗಳಲ್ಲಿ ಇದು ಹೆಚ್ಚೆಂದು ಅವರು ಕಂಡಿದ್ದಾರೆ. ಒಂದೆರಡೇ ಶಾಖೆಗಳಿರುವ ಹೋಬಳಿಗಳಿಗೆ ಈ ಮಾತು ಎಷ್ಟು ಸಲ್ಲುವುದೆಂಬುದು ವಿಚಾರಾರ್ಹವಾಗಿದೆ.

ಬ್ಯಾಂಕಿನ ಪಕ್ಷವನ್ನೂ ಕೇಳುವುದು ನ್ಯಾಯ. ಸಣ್ಣ ಖಾತೆಯನ್ನು ನಡೆಸಲು ಗುಮಾಸ್ತರು ಬೇಕು, ಪಾಸುಬುಕ್ಕು ಬೇಕು, ನಗದು ಕೊಡುವ ಯಂತ್ರ ಬೇಕು. ಠೇವಣಿಯ ಒಂದು ಭಾಗವನ್ನು ರಿಸರ್ವ್ ಬ್ಯಾಂಕಿನಲ್ಲಿ ಬಡ್ಡಿಯಿಲ್ಲದೆ ಇರಿಸಬೇಕು, ಇನ್ನೊಂದು ಭಾಗವನ್ನು ಸರಕಾರದ ಪತ್ರಗಳಲ್ಲಿ ತೊಡಗಿಸಬೇಕು. ಆದ್ದರಿಂದ ಅಂತರವೆಲ್ಲವೂ ಲಾಭವೆನ್ನಲಾಗದು. ಆದರೆ ಗುಮಾಸ್ತನ ಸಂಬಳವು ರೆಪೋ ದರದೊಡನೆ ಏರಿ ಇಳಿಯುವುದಿಲ್ಲ. ಅಂತರವು ಇರಬೇಕಾದುದಕ್ಕೆ ಈ ವೆಚ್ಚವು ಸಮಾಧಾನವಾಗಬಲ್ಲುದು. ದರವೇರಿದಾಗಲೆಲ್ಲ ಅಂತರವೂ ಹಿಗ್ಗಬೇಕಾದುದಕ್ಕೆ ಸಮಾಧಾನವಾಗಲಾರದು.

೬. ಪ್ರಾಚೀನಾಭಿಮಾನಿಗಳ ಪಕ್ಷದ ಪರೀಕ್ಷೆ

ಇದೆಲ್ಲವೂ ಸ್ಮೃತಿಗಳಲ್ಲಿಯೇ ಇದೆಯೆನ್ನುವವರ ಪಕ್ಷವು ಇನ್ನು ಪರೀಕ್ಷಣೀಯ. ಯಾಜ್ಞವಲ್ಕ್ಯನು ಒತ್ತೆಯಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲೊಂದು ಭಾಗವನ್ನು ವೃದ್ಧಿಯೆಂದು ವಿಧಿಸಿದನು. ಎಂದರೆ ವರ್ಷಕ್ಕೆ ನೂರಕ್ಕೆ ೧೫. ಕಾಡುದಾರಿಯ ವರ್ತಕರಿಗೆ ತಿಂಗಳಿಗೆ ನೂರಕ್ಕೆ ೧೦, ಸಮುದ್ರಯಾನದವರಿಗೆ ೨೦. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಬೆಳಕಿಗೆ ತಂದ ಕೌಟಲ್ಯನ ಅರ್ಥಶಾಸ್ತ್ರವೂ ಇಂಥದೇ ಕ್ರಮವನ್ನು ಹೇಳುತ್ತದೆ. ಅಪಾಯವು ಹೆಚ್ಚಾದಂತೆ ಬಡ್ಡಿಯೂ ಹೆಚ್ಚೆಂಬ ತತ್ತ್ವವು ಪ್ರಾಚೀನರಿಗೆ ಚೆನ್ನಾಗಿ ತಿಳಿದಿತ್ತು. ಆದರೆ ಒತ್ತೆಯಿಲ್ಲದ ಸಾಲಕ್ಕೆ ವರ್ಣಕ್ರಮದಿಂದ ನೂರಕ್ಕೆ ೨, ೩, ೪, ೫ ಎಂದು ಏರುವ ವಿಧಿಯಲ್ಲಿ, ಕೆಳಗಿರುವವನ ಮೇಲೆಯೇ ಭಾರವು ಹೆಚ್ಚೆಂಬುದನ್ನು ಮರೆಮಾಡಲಾಗದು. ಅಲ್ಲಿ ಅಳೆದದ್ದು ಅಪಾಯವನ್ನಲ್ಲ, ಹುಟ್ಟನ್ನು. ಶಾಸ್ತ್ರಾಭಿಮಾನವು ಈ ದೋಷವನ್ನು ಸಮರ್ಥಿಸತಕ್ಕದ್ದಲ್ಲ. ಬಡವನಿಂದ ಹೆಚ್ಚು ಬಡ್ಡಿ ಪಡೆಯುವ ರೂಢಿಯು ಹೊಸ ಹೆಸರುಗಳಿಂದ ಇಂದಿಗೂ ಮುಂದುವರಿದಿರುವಾಗಂತೂ ಸಮರ್ಥಿಸಲೇಬಾರದು.

ಎರಡನೆಯದಾಗಿ, ಸ್ಮೃತಿಗಳು ನಿಯಮಿಸಿದ್ದು ಉತ್ತಮರ್ಣನು ಅಧಮರ್ಣನಿಂದ ಪಡೆಯುವ ವೃದ್ಧಿಯನ್ನು. ಒಂದು ಕೈಯಲ್ಲಿ ಅಧಮರ್ಣನಾಗಿ ಇನ್ನೊಂದು ಕೈಯಲ್ಲಿ ಉತ್ತಮರ್ಣನಾಗಿ, ಎರಡು ವೃದ್ಧಿಗಳ ಅಂತರದಿಂದ ಬಾಳುವ ಪುರುಷನು ಆ ಪ್ರಕರಣಗಳಲ್ಲಿ ಕಾಣುವುದಿಲ್ಲ. ಆದಕಾರಣ ಅವನ ಸಾಲದ ಬೆಲೆಯನ್ನು ಬದಲಾಯಿಸಿ ದೇಶದ ವ್ಯಾಪಾರವನ್ನೇ ನಿಯಂತ್ರಿಸುವ ಉಪಾಯವೂ ಅಲ್ಲಿ ಸಂಭವಿಸುವುದಿಲ್ಲ.

ಆದರೂ ಶಾಸ್ತ್ರವು ಹೇಳದ್ದನ್ನು ಶಾಸನಗಳು ಹೇಳುವುದುಂಟು. ನಾಸಿಕದ ಗುಹೆಯಲ್ಲಿ ಕ್ರಿಸ್ತಶಕದ ಎರಡನೆಯ ಶತಮಾನದ ಆದಿಭಾಗದ ಉಷವದಾತನ ಲೇಖವೊಂದಿದೆ. ಭಿಕ್ಷುಗಳ ಉಪಯೋಗಕ್ಕಾಗಿ ಅವನು ೩,೦೦೦ ಕಾರ್ಷಾಪಣಗಳನ್ನು ಗೋವರ್ಧನದ ಎರಡು ನೇಕಾರಶ್ರೇಣಿಗಳಲ್ಲಿ ತೊಡಗಿಸಿದನು: ೨,೦೦೦ವು ತಿಂಗಳಿಗೆ ನೂರಕ್ಕೆ ಒಂದರಂತೆ, ೧,೦೦೦ವು ನೂರಕ್ಕೆ ಮುಕ್ಕಾಲಿನಂತೆ. ಅಸಲನ್ನು ಹಿಂದಿರುಗಿಸತಕ್ಕದ್ದಲ್ಲ, ವೃದ್ಧಿಯನ್ನು ಮಾತ್ರ ಭೋಗಿಸತಕ್ಕದ್ದು. ಶ್ರವಣಬೆಳಗೊಳದ ಶಾಸನಗಳಲ್ಲಿಯೂ ಗೊಮ್ಮಟಸ್ವಾಮಿಯ ಹಾಲಿನ ಅಭಿಷೇಕವು ಬಡ್ಡಿಯಿಂದ ನಡೆಯಲೆಂದು ಗದ್ಯಾಣಗಳನ್ನು ಕೊಟ್ಟ ಸಂಗತಿಗಳಿವೆ.

ನಾಸಿಕದ ಲೇಖದಲ್ಲಿ ಗಮನಿಸತಕ್ಕ ಅಂಶಗಳು ಎರಡು. ಒಬ್ಬನೇ ದಾನಿಯ ಹಣವನ್ನು ಎರಡು ಶ್ರೇಣಿಗಳು ಎರಡು ಬೆಲೆಗಳಿಗೆ ಪಡೆದವು. ಹಣ ಪಡೆಯುವವನ ಬಲಾಬಲವು ಬೆಲೆಯನ್ನು ನಿರ್ಣಯಿಸುವುದೆಂಬ ಮಾತು ಹೊಸದಲ್ಲ. ಮತ್ತು ಆ ಕಾಲದಲ್ಲಿ ಠೇವಣಿ ಪಡೆದು ಬಡ್ಡಿ ತೆರುತ್ತಿದ್ದವರು ನೇಕಾರರೇ. ಅವರು ತಮ್ಮ ಋಣವನ್ನು ನಿಕ್ಷೇಪವೆಂದು ಮುಚ್ಚಿಡಲಿಲ್ಲ. ದರಸಹಿತವಾಗಿ ಎಲ್ಲರೂ ಓದುವಂತೆ ಅದು ಕಲ್ಲಿನಲ್ಲಿ ಕೆತ್ತಲ್ಪಟ್ಟಿತು. ದೊಡ್ಡಬಳ್ಳಾಪುರದ ನೇಕಾರನು ಇಂದು ಬ್ಯಾಂಕಿನ ಮುಂದೆ ಸಾಲಗಾರನೆಂಬ ಒಂದೇ ಹೆಸರಿನಿಂದ ನಿಂತಿದ್ದಾನೆ. ಅವನೂ ಒಬ್ಬ ಸಾಲಿಗನೆಂಬುದನ್ನು ತಿಳಿಸುವ ಕಲ್ಲು ಅವನ ಊರಿನಲ್ಲಿಲ್ಲ.

೭. ಉಪಸಂಹಾರ

ಈ ವಿಚಾರದಿಂದ ಸಿದ್ಧವಾದದ್ದಿಷ್ಟು. ಠೇವಣಿಯು ನಿಕ್ಷೇಪವಲ್ಲ, ಋಣ. ಬ್ಯಾಂಕಿನ ಹಣಸಂಗ್ರಹವೆಂದರೆ ಸಾಲಿಗರ ಆಯ್ಕೆ. ಹಣಕಾಸು ನೀತಿಯು ಆ ಸಾಲಿಗರಲ್ಲಿ ಬಲವುಳ್ಳವರನ್ನು ಬೇಗನೆ, ಬಲಹೀನರನ್ನು ತಡವಾಗಿ ಮುಟ್ಟುತ್ತದೆ. ಸಾಲದ ಕಡೆಗೆ ವಿಧಿಯಿಂದ ಬಿಗಿದ ದರವನ್ನು ಉಳಿತಾಯದ ಕಡೆಗೆ ಸಡಿಲವಾಗಿ ಬಿಟ್ಟದ್ದರಿಂದ ಈ ವೈಷಮ್ಯವು ಇನ್ನೂ ಹೆಚ್ಚಿದೆ.

ಇದಕ್ಕೆ ಪರಿಹಾರವನ್ನು ರೂಪಿಸುವುದು ಅರ್ಥಶಾಸ್ತ್ರಜ್ಞರ ಕೆಲಸ. ಭಾಷಾಶಾಸ್ತ್ರದ ಕಡೆಯಿಂದ ಆಗಬೇಕಾದದ್ದು ಅಲ್ಪವಾದರೂ ಆವಶ್ಯಕ. ಕನ್ನಡದಲ್ಲಿ ವಾಣಿಜ್ಯದ ಪಾಠಗಳನ್ನು ಬರೆಯುವವರು ಠೇವಣಿಯ ಲಕ್ಷಣವನ್ನು ಹೇಳುವಾಗ, ಅದು ಗಿರಾಕಿಯು ಬ್ಯಾಂಕಿಗೆ ಕೊಟ್ಟ ಸಾಲವೆಂದು ಮೊದಲ ವಾಕ್ಯದಲ್ಲಿಯೇ ಬರೆಯತಕ್ಕದ್ದು. ಕೆರೆಯ ದೃಷ್ಟಾಂತವನ್ನು ಕೈಬಿಡತಕ್ಕದ್ದು. ಸಾಲ ಕೊಟ್ಟವನು ಬಡ್ಡಿಯೆಷ್ಟೆಂದು ಕೇಳುತ್ತಾನೆ, ಸಾಲಗಾರನ ಸ್ಥಿತಿಯನ್ನು ವಿಚಾರಿಸುತ್ತಾನೆ, ಸದ್ಯಕ್ಕೆ ಬೇಡವಾದ ಹಣವನ್ನು ಅವಧಿ ಠೇವಣಿಗೆ ಬದಲಾಯಿಸುತ್ತಾನೆ. ಗಂಟನ್ನು ಇಟ್ಟುಬಂದವನು ಮನೆಗೆ ಹೋಗಿ ಮಲಗುತ್ತಾನೆ. ನೇಕಾರನ ಇಪ್ಪತ್ತು ಸಾವಿರ ರೂಪಾಯಿಗಳ ಮಟ್ಟಿಗೆ, ಇಡುವುದಕ್ಕೂ ಕೊಡುವುದಕ್ಕೂ ಇರುವ ಭೇದವು ಇಷ್ಟೇ.